ಇದ್ದಿಲು ಲಾರಿಯಾಗ ಆದವಾನಿಗೆ

...ಅಲ್ಲಲೇ, ಪೆಟ್ರೋಲ್ ಎಲ್ಲಿತ್ತು ಆವಾಗ! ಯುದ್ಧದ ಕಾಲ, ಎಲ್ಲಾ ರೇಷನ್ನು. ಲಾರಿ ಇದ್ದಿಲ ಮ್ಯಾಲೆ ಓಡ್ತಿದ್ವು. ನಗಬ್ಯಾಡ್ರಿ, ಖರೇನ ಹೇಳ್ತೀನಿ. ಲಾರಿ ಮಗ್ಗಲಿಗೆ ಉದ್ದನ ಡಬ್ಬಿ, ಅದ್ರಾಗ ಇದ್ದಿಲು ಹಾಕಿ ಬೆಂಕಿ ಹಚ್ಚಿ, ಕೈಲೆ ಗಾಳಿ ಚಕ್ರ ತಿರುವಿದ್ರ ಗ್ಯಾಸ್ ಬರೋದು, ಆ ಗ್ಯಾಸಿಗೆ ಇಂಜಿನ್ನು ಓಡೋದು. ನಾ ನಾಗಲದಿನ್ನೆ ಕಮ್ಮಾರರ ಮಗಳು, ತಿದಿ ಊದಿ ಊದೇ ಬೆಳೆದಾಕಿ. ನಿಮ್ಮ ತಾತ ಆದವಾನಿ ಹತ್ತಿ ಮಿಲ್ಲಿನಾಗ ಇದ್ರು. ಮದುವಿಯಾಗಿ ಎರಡು ವರ್ಷ... ಅಲ್ಲ, ಮೂರು ಆಗಿತ್ತು. ನಾ ತವರಿಗೆ ಬಂದಾಗ ಸುದ್ದಿ ಬಂತು, "ನಿನ್ನ ಗಂಡನ ಕೈ ಮಿಷಿನ್ನಿಗೆ ಸಿಕ್ಕೈತಿ, ಆಸ್ಪತ್ರಿಗೆ ಹಾಕ್ಯಾರ" ಅಂತ. ಎದಿ ಒಡದು ನೀರಾತು. ಬಸ್ಸು ವಾರಕ್ಕೊಮ್ಮೆ, ಅದೂ ಹೋಗಿಬಿಟ್ಟಿತ್ತು.

ಊರ ಮುಂದ ಆದವಾನಿಗೆ ಹೊಂಟ ಹತ್ತಿ ಲಾರಿ ನಿಂತಿತ್ತು. ನನ್ನೂ ಕರಕೊಂಡು ಹೋಗು ಅಂತ ಡ್ರೈವರ್ ಖಾದರಸಾಬನ ಕಾಲು ಹಿಡಕೊಂಡೆ. "ಬೇಟೀ, ಸರಕಿನ ಲಾರಿ ಇದು. ನಾನು, ಬೆಂಕಿ ನೋಡಾವ, ಮೂಟೆ ಹೊರಾವ್ರು, ಇಷ್ಟೇ ಮಂದಿ ಕುಂದ್ರಬೇಕು. ಬ್ಯಾರೇರು ಕಂಡ್ರ ಪರ್ಮಿಟ್ಟೇ ಹೋಗ್ತೈತಿ, ನನ್ನ ಮಕ್ಕಳು ಏನ್ ತಿನಬೇಕು?" ಅಂದ. ಪಾಪ, ಸುಳ್ಳಲ್ಲ. ಆದ್ರ ನೋಡ್ರಿ, ಅವನ ಬೆಂಕಿ ನೋಡಾವ ಜ್ವರ ಬಂದು ಮಲಗಿದ್ದ, ಲಾರಿ ಬರೇ ಹೊಗಿ ಉಗುಳ್ತಿತ್ತು, ಸ್ಟಾರ್ಟ್ ಆಗವಲ್ದು. "ಕಾಕಾ, ಅತ್ತಾಗ ಸರಿ. ಇವತ್ತು ಬೆಂಕಿ ನೋಡಾಕಿ ನಾನು" ಅಂದೆ. ಬೆಂಕಿ ಸರಿ ಮಾಡಿ ಹಚ್ಚಿದೆ, ಲಾರಿ ಸ್ಟಾರ್ಟ್ ಆತು, ಹೊಂಟ್ವಿ.

ಎಮ್ಮಿಗನೂರ ಹತ್ರ ಗಾಡಿ ತಪಾಸ ಮಾಡೋ ಬ್ರೇಕ್ ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದ. ತೆಲುಗಾವ. "ಏಮಯ್ಯಾ, ಆಡಮನಿಷಿನಿ ಎಕ್ಕಿಂಚುಕೊನಿ ತಿರುಗುತುನ್ನಾವಾ?" ಹೆಂಗಸನ್ನ ಹತ್ತಿಸಿಕೊಂಡು ತಿರುಗ್ತಿ ಏನಲೇ ಅಂತ. ಖಾದರಸಾಬ ಬೆವತು ಹೋದ. ನಾನೇ ಅಂದೆ, "ಬೆಂಕಿ ನೋಡಾಕಿ ನಾನು, ಸಾರೂ." ಅವ ನಕ್ಕ, ನಕ್ಕು ಪರ್ಮಿಟ್ ಕಸಗೊಂಡ. "ಹಂಗಾ? ಇಂಜಿನ್ ಬಂದ್ ಮಾಡು. ಈಕಿ ಗ್ಯಾಸ್ ತರಲಿ. ಬರಲಿಲ್ಲೋ, ಪರ್ಮಿಟ್ ನನ್ನ ಹತ್ರಾನೇ ಇರ್ತೈತಿ." ಅಡಿ ಬೂದಿ ಕೆದರಿದೆ, ಇದ್ದಿಲ ಪುಡಿ ಜರಡಿ ಹಿಡದು ತಗದೆ, ಅಡಿಕಿಯಷ್ಟು ಅಡಿಕಿಯಷ್ಟು ತುಂಡು ಆರಿಸಿ ಹಾಕಿದೆ, ಗಾಳಿ ತಿರುವಿದೆ. ಕಣ್ಣಾಗ ನೀರು. ಹೊಗಿಗೆ ಅನ್ಕೋಬ್ಯಾಡ್ರಿ ಮತ್ತ, ಅವರ ಕೈ ನೆನಸಿ ಅಳ್ತಿದ್ದೆ. ತಿರುವಿದೆ, ತಿರುವಿದೆ, ರಟ್ಟಿ ಬಿದ್ದು ಹೋದ್ವು. ಖಾದರಸಾಬ ಹ್ಯಾಂಡಲ್ ಹೊಡದ, ಡರ್ರ್ ಅಂತು! ಇನ್ಸ್‌ಪೆಕ್ಟರ್ ನನ್ನ ಹೆಸರು ಕೇಳಿ, ಬೆಂಕಿ ನೋಡಾಕಿ ಅಂತ ಕಾಗದದಾಗ ಬರಕೊಂಡ, ಪರ್ಮಿಟ್ ವಾಪಸ್ ಕೊಟ್ಟ. "ವೆಳ್ಳಮ್ಮಾ, ಹೋಗವ್ವ" ಅಂದ.

ಆಸ್ಪತ್ರಿಗೆ ಹೋಗಿ ನೋಡಿದ್ರ, ನಿಮ್ಮ ತಾತನ ಬಲಗೈಯಾಗ ಮೂರು ಬೆರಳು ಇರಲಿಲ್ಲ. ನನ್ನ ನೋಡಿ ಗೋಳೋ ಅಂತ ಅತ್ರು, "ಇನ್ನ ನಮ್ಮ ಹೊಟ್ಟಿಗೆ ಯಾರು ಹಾಕ್ತಾರ?" ಅಂತ. "ನಾ ಹಾಕ್ತೀನಿ, ಸುಮ್ನ ಮಲಕ್ಕೋ" ಅಂದುಬಿಟ್ಟೆ. ಗಂಡಗ 'ರೀ' ಬಿಟ್ಟು ಮಲಕ್ಕೋ ಅಂದಿದ್ದು ಅವತ್ತ ಮೊದಲು! ಯುದ್ಧ ಮುಗಿಯೋತನ ಆ ಲಾರಿ ಬೆಂಕಿ ನಾನೇ ನೋಡಿದೆ, ಮನಿ ನಡೀತು. ಗಂಡಿರಲಿ ಹೆಣ್ಣಿರಲಿ, ಬರೋ ಕೆಲಸ ಬರ್ತೈತಿ ಅನ್ನಾಕ ನಾಚಬಾರದು, ತಿಳೀತಾ? ಹೂಂ, ಏಳ್ರಿ, ರೊಟ್ಟಿ ತಣ್ಣಗಾಗ್ತಾವು.