ಮೂವತ್ತೆರಡನೇ ಚುಕ್ಕಿ

ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆಗಿದ್ದು. ಯಾರೋ ಯಾರಿಗೋ ಹೇಳಿದ್ದಲ್ಲ... ಅವಳೇ ನನ್ನ ಪಕ್ಕ ಕೂತು ಹೇಳಿದ್ದು. ದೆವ್ವ ಗಿವ್ವ ಅಂದ್ರೆ ಬಿದ್ದು ಬಿದ್ದು ನಗೋಳು ಅವಳು. ಚಿಕ್ಕವಳಿದ್ದಾಗ ನಾನು ಕತ್ತಲೆ ಕೋಣೆಗೆ ಹೆದರ್ತೀನಿ ಅಂತ ಬೇಕಂತಲೇ ಒಳಗೆ ತಳ್ಳಿ ಚಿಲಕ ಹಾಕ್ತಿದ್ಲು. ಅಂಥವಳು ನಮ್ಮಕ್ಕ.

ಆವತ್ತು ಆಫೀಸಿಂದ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಆಫೀಸಿನ ಹಿಂದೆ ಒಂದು ಓಣಿ, ಓಣಿ ತಿರುವಲ್ಲಿ ಒಂದು ಹಳೇ ಬಾವಿ. ನೀರು ಬತ್ತಿ ಎಷ್ಟೋ ವರ್ಷ. ಯಾರೂ ಬೀಳದಿರಲಿ ಅಂತ ಮೇಲೆ ದಪ್ಪ ಹಲಗೆ ಹೊಡೆದಿದ್ರು. ದಿನಾ ಅದರ ಪಕ್ಕದಲ್ಲೇ ಹೋಗೋಳು. ಆವತ್ತೂ ಹೋದ್ಲು.

ಟಕ್ ಟಕ್... ಟಕ್.

ನಿಂತ್ಲು. ಎರಡು ಬೇಗಬೇಗ, ಮೂರನೇದು ಸ್ವಲ್ಪ ತಡೆದು. ಹಲಗೆ ಬಿರಿಯೋ ಸದ್ದಲ್ಲ. ಇಲಿ ಓಡೋ ಸದ್ದೂ ಅಲ್ಲ. ಬೆರಳು ಮಡಚಿ ಗೆಣ್ಣಿಂದ ಬಾಗಿಲು ಬಡೀತೀವಲ್ಲ... ಅದು.

"ಯಾರು?" ಅಂದ್ಲು.

ಬೀದಿದೀಪ ಗುಂಯ್ ಅಂತಿತ್ತು. ಅಷ್ಟೆ. ನಾಲ್ಕು ಹೆಜ್ಜೆ ಮುಂದಿಟ್ಟಳು. ಮತ್ತೆ... ಟಕ್ ಟಕ್... ಟಕ್. ತಿರುಗಿ ನೋಡಿದ್ರೆ ಹಲಗೆ ಇದೆ, ಹಲಗೆ ಮೇಲೆ ಯಾರೂ ಇಲ್ಲ. ಆಮೇಲೆ ಅವಳು ನಡೀಲಿಲ್ಲ, ಓಡಿದ್ಲು. ಬಾಗಿಲು ತೆಗೆದ ದೊಡ್ಡಮ್ಮ, "ಏನೇ ಇದು, ಮುಖ ಸುಣ್ಣ ಬಳಿದ ಹಾಗಿದೆ?" ಅಂದ್ರು. "ಹಸಿವು" ಅಂದು ಒಳಗೆ ಹೋದ್ಲು. ಊಟ ಮಾಡಲಿಲ್ಲ.

ಅವಳ ಕೆಲಸ ಏನು ಅಂತ ಹೇಳದಿದ್ರೆ ಮುಂದಿಂದು ಅರ್ಥ ಆಗಲ್ಲ. ಜನ ಗುಂಪಲ್ಲಿ ಹೇಗೆ ನಡ್ಕೋತಾರೆ ಅನ್ನೋದನ್ನ ಕಂಪ್ಯೂಟರಲ್ಲಿ ಆಡಿಸಿ ನೋಡೋದು. ಕಟ್ಟಡದ ನಕ್ಷೆ ಹಾಕ್ತಾರೆ. ಅದರೊಳಗೆ ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಚುಕ್ಕಿಗೆ ದೊಡ್ಡ ಬುದ್ಧಿ ಏನೂ ಕೊಡಲ್ಲ. ಹೊಗೆ ಕಂಡ್ರೆ ದೂರ ಹೋಗು, ಹತ್ತಿರದ ಮೆಟ್ಟಿಲು ಹಿಡಿ, ಮುಂದಿರೋರನ್ನ ದಾಟಕ್ಕಾಗದಿದ್ರೆ ನಿಲ್ಲು... ಇಂಥ ಮೂರ್ನಾಲ್ಕು ಮಾತು. ಆದ್ರೆ ಎಲ್ಲ ಒಟ್ಟಿಗೆ ಓಡಿದಾಗ ಇದೆಯಲ್ಲ, ಯಾರೂ ಬರೆಯದೇ ಇರೋದೆಲ್ಲ ನಡೆಯುತ್ತೆ. ತಿರುವಲ್ಲಿ ಸಿಕ್ಕಿಕೊಳ್ತವೆ. ಒಂದು ಹಿಂದೆ ತಿರುಗಿದ್ರೆ ಹತ್ತು ತಿರುಗ್ತವೆ. ಒಂದು ಸಲ ಆಡಿಸಿ ನಂಬೋ ಹಾಗಿಲ್ಲ, ಚೂರುಚೂರು ಬದಲಾಯಿಸಿ ನೂರಾರು ಸಲ ಆಡಿಸ್ಬೇಕು. "ಇರುವೆ ಮೇಯಿಸೋ ಕೆಲಸ" ಅಂತ ನಾವೆಲ್ಲ ಆಡಿಕೊಳ್ತಿದ್ವಿ.

ಆಗ ಅವಳ ಕೈಲಿದ್ದಿದ್ದು ಬೆಂಕಿ ತನಿಖೆಯವರು ಕೊಟ್ಟಿದ್ದ ಒಂದು ನರ್ಸ್ ಹಾಸ್ಟೆಲ್. ನಾಲ್ಕು ಮಹಡಿ. ಎಂಟು ತಿಂಗಳ ಹಿಂದೆ ಅಲ್ಲಿ ಬೆಂಕಿ ಬಿದ್ದಿತ್ತು. ರಾತ್ರಿ ಅಲ್ಲ... ಬೆಳಿಗ್ಗೆ ಹನ್ನೊಂದಕ್ಕೆ. ರಾತ್ರಿ ಪಾಳಿ ಮುಗಿಸಿ ಬಂದ ಮೂವತ್ತೊಂದು ಹುಡುಗಿಯರು ಪರದೆ ಎಳ್ಕೊಂಡು ಗಾಢ ನಿದ್ದೆಯಲ್ಲಿದ್ರು. ಬೆಂಕಿ ಬಿದ್ರೆ ಹೊಡ್ಕೊಳ್ಳೋ ಗಂಟೆ ಕೆಟ್ಟು ಯಾವ ಕಾಲವಾಗಿತ್ತೋ. ಆರು ಹುಡುಗಿಯರು ತೀರಿಹೋದ್ರು... ಮೇಲಕ್ಕೆ ಓಡಿದ್ರು, ತಾರಸಿ ಬಾಗಿಲಿಗೆ ಬೀಗ ಇತ್ತು. ಏಳನೆಯವರು ಕಾವಲುಗಾರ.

ಈ ಕಾವಲುಗಾರನ ವಿಷಯವೇ ಊರೆಲ್ಲ ಆಡ್ಕೊಂಡಿದ್ದು. ಗೇಟಲ್ಲಿ ಇರಬೇಕಾದ ಮನುಷ್ಯ ನಾಲ್ಕನೇ ಮಹಡಿ ಕೊನೇ ರೂಮಿನ ಮುಂದೆ ಬಿದ್ದಿದ್ದರು. ಆ ರೂಮಿನ ಹುಡುಗಿ ರಜೆಗೆ ಹೋಗಿದ್ಲು. ಖಾಲಿ ರೂಮು. ಅವರ ಕೈಲಿ ಬೀಗದ ಕೈ ಗೊಂಚಲು. ಇನ್ನೇನು ಬೇಕು ಹೇಳಿ? "ಕದಿಯೋಕೆ ಹೋಗಿದ್ದ, ಸಿಕ್ಕಿಹಾಕ್ಕೊಂಡ." ತನಿಖೆಯವರ ಕರಡಲ್ಲೂ ಒಂದು ಸಾಲು ಬಂದಿತ್ತು: ಕಾವಲುಗಾರ ಬೆಂಕಿಗೆ ಮೊದಲೇ ಅನುಮತಿ ಇಲ್ಲದೆ ಮೇಲಿದ್ದ. ಅದನ್ನೇ ನಂಬಿ ಅಕ್ಕನೂ ಅವರ ಚುಕ್ಕಿಯನ್ನ ನಾಲ್ಕನೇ ಮಹಡೀಲೇ ಇಟ್ಟಿದ್ಲು. ಮೂವತ್ತೆರಡನೇ ಚುಕ್ಕಿ.

ತೊಂದರೆ ಏನಪ್ಪಾ ಅಂದ್ರೆ, ಲೆಕ್ಕ ಕೂಡ್ತಿರಲಿಲ್ಲ. ನಿಜವಾಗಿ ಸತ್ತಿದ್ದು ಏಳು. ಕಂಪ್ಯೂಟರಲ್ಲಿ ಆಡಿಸಿದ್ರೆ ಹತ್ತೊಂಬತ್ತು. ಇನ್ನೊಂದು ಸಲ, ಇಪ್ಪತ್ತೆರಡು. ಯಾವತ್ತೂ ಹದಿನೆಂಟಕ್ಕಿಂತ ಕೆಳಗೆ ಇಳೀಲಿಲ್ಲ. ಮಲಗಿದೋರು ಏಳೋ ಹೊತ್ತಿಗೆ ಮೆಟ್ಟಿಲ ತುಂಬಾ ಹೊಗೆ.

ಅವಳ ಮೇಲಧಿಕಾರಿಗೆ ಎಲ್ಲರೂ ಸೊನ್ನೆ ಸಾರ್ ಅಂತಿದ್ರು. ಲೆಕ್ಕ ತಪ್ಪಿದಾಗೆಲ್ಲ "ಎಲ್ಲೋ ಒಂದು ಸೊನ್ನೆ ಜಾಸ್ತಿ ಆಗಿದೆ ನೋಡಮ್ಮ" ಅನ್ನೋರು. ಈ ಸಲವೂ ಅಂದ್ರು, "ಹೊಗೆ ವೇಗ ಸ್ವಲ್ಪ ಕಮ್ಮಿ ಮಾಡು. ಏಳಕ್ಕೆ ಬರುತ್ತೆ. ಕೊಟ್ಟು ಕೈ ತೊಳ್ಕೋ."

"ಹೊಗೆ ಸರಿಯಾಗಿದೆ ಸಾರ್. ಅಳತೆ ಇದೆ. ಬೇರೆ ಏನೋ ಬಿಟ್ಟುಹೋಗಿದೆ... ನಾವು ಹಾಕದೇ ಇರೋದು ಏನೋ ಇದೆ."

"ಏನು?"

"ಗೊತ್ತಿಲ್ಲ."

ಬಾವಿ ಸದ್ದು ಕೇಳಿದ ಮರುದಿನ ಅವಳು ಇನ್ನೂರು ಸಲ ಆಡಿಸೋಕೆ ಹಾಕಿದ್ಲು. ಸಂಜೆ ಒಂದೊಂದಾಗಿ ನೋಡ್ತಾ ಬಂದ್ಲು. ಇಪ್ಪತ್ತು. ಹತ್ತೊಂಬತ್ತು. ಇಪ್ಪತ್ತೊಂದು. ನೂರಾ ಮೂವತ್ತೇಳನೇದು... ಏಳು.

ಅದನ್ನ ನಿಧಾನವಾಗಿ ಓಡಿಸಿ ನೋಡಿದ್ಲು.

ಮೂವತ್ತೆರಡನೇ ಚುಕ್ಕಿ ನಾಲ್ಕನೇ ಮಹಡೀಲಿ ಇರಲಿಲ್ಲ. ಗೇಟಲ್ಲಿತ್ತು. ಹೊಗೆ ಎದ್ದ ತಕ್ಷಣ ಬೇರೆ ಚುಕ್ಕಿಯೆಲ್ಲ ಇದ್ದಲ್ಲೇ ಇವೆ, ನಿದ್ದೆ. ಇದೊಂದು ಒಳಗೆ ಹೋಯ್ತು. ಮೊದಲನೇ ಬಾಗಿಲ ಮುಂದೆ ನಿಂತಿತು. ಒಳಗಿನ ಚುಕ್ಕಿ ಅಲುಗಾಡಿತು... ಇದು ಮುಂದಿನ ಬಾಗಿಲಿಗೆ ಹೋಯ್ತು. ನಿಂತಿತು. ಅಲುಗಾಡಿತು. ಮುಂದಿನದು. ಜನ ಎಲ್ಲ ಕೆಳಗೆ ಇಳೀತಿದ್ರೆ ಇದೊಂದು ಗೋಡೆ ಪಕ್ಕ ಹಿಡಿದು ಮೇಲೆ ಹತ್ತುತ್ತಾ ಇತ್ತು. ನಿಧಾನ. ಎರಡು... ಮೂರು... ನಾಲ್ಕು. ಕೊನೇ ಬಾಗಿಲ ಮುಂದೆ ನಿಂತಿತು. ಒಳಗೆ ಯಾವ ಚುಕ್ಕಿಯೂ ಇಲ್ಲ, ಖಾಲಿ ರೂಮಲ್ವಾ. ಅದು ಕಾಯ್ತಾ ಇತ್ತು. ಒಳಗಿನವರು ಏಳಲಿ ಅಂತ ಕಾಯ್ತಾನೇ ಇತ್ತು. ಆಮೇಲೆ ಕಪ್ಪಾಯ್ತು.

ಬಾಗಿಲು ಬಡಿ ಅನ್ನೋ ನಿಯಮವನ್ನ ಅಕ್ಕ ಬರೆದಿರಲಿಲ್ಲ. ಸೊನ್ನೆ ಸಾರ್‌ನ ಕರೆದು ತೋರಿಸಿದ್ಲು. ಇಬ್ಬರೂ ಬರೆದಿದ್ದನ್ನೆಲ್ಲ ಸಾಲು ಸಾಲು ಹುಡುಕಿದ್ರು. ಎಲ್ಲೂ ಇಲ್ಲ. ಅವರು ಎದ್ದು ರೂಮಿನ ಬಾಗಿಲು ಹಾಕಿ ಬಂದು, ಪಿಸುಮಾತಲ್ಲಿ ಕೇಳಿದ್ರು, "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸಾರ್."

"ಹೇಳಬೇಡ. ಹುಚ್ಚು ಅಂತಾರೆ." ಕುರ್ಚಿ ಎಳ್ಕೊಂಡು ಕೂತ್ರು. ಆಮೇಲೆ, "ಆದ್ರೆ... ಬದುಕಿ ಉಳಿದವರನ್ನ ಕೇಳಬಹುದು" ಅಂದ್ರು.

ಮೊದಲು ಸಿಕ್ಕ ನರ್ಸು ಮೂರನೇ ಮಹಡಿಯವಳು. ಆಸ್ಪತ್ರೆ ಕ್ಯಾಂಟೀನಲ್ಲಿ ಎದುರುಬದುರು ಕೂತರು. ಅಕ್ಕ ಕೇಳಿದ್ಲು, "ಆವತ್ತು ಎಚ್ಚರ ಹೇಗಾಯ್ತು?"

"ಯಾರೋ ಬಾಗಿಲು ಬಡಿದ್ರಲ್ಲ. ಎದ್ದೆ ಎದ್ದೆ ಅಂದೆ, ನಿಲ್ಲಿಸಿದ್ರು."

"ಯಾರು?"

"ಪಕ್ಕದ ರೂಮಿನವಳು ಅಂದ್ಕೊಂಡಿದೀನಿ."

"ತನಿಖೆಯವರಿಗೆ ಯಾಕೆ ಹೇಳಲಿಲ್ಲ?"

ಹುಡುಗಿ ಅವಳನ್ನೇ ನೋಡಿದ್ಲು. "ಹೇಗೆ ಕೆಳಗೆ ಬಂದೆ ಅಂತ ಕೇಳಿದ್ರು. ಹೇಗೆ ಎದ್ದೆ ಅಂತ ಯಾರೂ ಕೇಳಲಿಲ್ಲ ಮೇಡಂ."

"ಹೇಗೆ ಬಡಿದ್ರು... ನೆನಪಿದೆಯಾ?"

ಹುಡುಗಿ ಬೆರಳು ಮಡಚಿ ಮೇಜಿನ ಮೇಲೆ ಬಡಿದ್ಲು.

ಟಕ್ ಟಕ್... ಟಕ್.

 ಅಕ್ಕ ಟೀ ಲೋಟ ಕೆಳಗಿಟ್ಟಳಂತೆ. ಆ ವಾರ ಹದಿನಾಲ್ಕು ಜನರನ್ನ ಹುಡುಕಿ ಕೇಳಿದ್ಲು. ಹನ್ನೊಂದು ಜನ ಅದೇ ಮಾತು. ಒಬ್ಬೊಬ್ಬರೂ ಪಕ್ಕದ ರೂಮಿನವಳು ಅಂತಲೇ ಅಂದುಕೊಂಡಿದ್ರು. ಪಕ್ಕದ ರೂಮಿನವಳನ್ನ ಕೇಳಿದ್ರೆ, ಅವಳು ಆಚೆಯವಳು ಅಂತ. ನಾನೇ ಬಡಿದಿದ್ದು ಅಂದವಳು ಒಬ್ಬಳೂ ಇಲ್ಲ.

ಕೊನೆಯವಳನ್ನ ಕೇಳಿ ಬಂದ ರಾತ್ರಿ ಬಾವಿ ಹತ್ರ ಮತ್ತೆ ಕೇಳಿಸ್ತು. ಈ ಸಲ ಅವಳು ಓಡಲಿಲ್ಲ. ಹಲಗೆ ಹತ್ರ ಹೋಗಿ ಬಗ್ಗಿದ್ಲು.  "ಎದ್ದೆ..." ಅಂದ್ಲು. "ಎಲ್ಲರೂ ಎದ್ದಿದೀವಿ. ಆ ರೂಮಲ್ಲಿ ಯಾರೂ ಇಲ್ಲ... ನೀವು ಹೋಗಿ."

ಸದ್ದು ನಿಂತಿತು. ಆಮೇಲೆ ಯಾವತ್ತೂ ಕೇಳಿಸಲಿಲ್ಲ. ಹಾಸ್ಟೆಲ್ ಬಿಟ್ಟು ಆ ಬಾವಿ ಹತ್ರ ಯಾಕೆ ಬಡೀತಿದ್ರು ಅಂತ ಅಕ್ಕನಿಗೂ ಗೊತ್ತಿಲ್ಲ.

ವರದಿಯಲ್ಲಿ ಚುಕ್ಕಿ ಮಾತು ಬರಲಿಲ್ಲ. ಹನ್ನೊಂದು ಹುಡುಗಿಯರು ಸಹಿ ಹಾಕಿಕೊಟ್ಟರು. ತನಿಖೆಯವರು ಆ ಸಾಲನ್ನ ಹೊಡೆದುಹಾಕಿ, ಕಾವಲುಗಾರ ಬಾಗಿಲು ಬಡಿದು ಎಬ್ಬಿಸಿದ ಅಂತ ಬರೆದ್ರು. ಅದನ್ನ ತಿಳಿಸೋಕೆ ಅಕ್ಕನೇ ಕಾವಲುಗಾರರ ಮನೆಗೆ ಹೋದ್ಲು. ಟಪಾಲಲ್ಲಿ ಕಳಿಸೋ ವಿಷಯ ಅಲ್ಲ ಅನ್ನಿಸ್ತಂತೆ.

ಒಂದೇ ಕೋಣೆ. ಹೆಂಡತಿ ಅಂಗಿಗೆ ಗುಂಡಿ ಹೊಲೀತಾ ಕೂತಿದ್ರು. ಗೋಡೇಲಿ ಮೊಳೆ ಇತ್ತು, ಫೋಟೋ ಇರಲಿಲ್ಲ. ಅಕ್ಕ ಎಲ್ಲ ಹೇಳಿದ್ಲು. ಗೇಟಿಂದ ಒಳಗೆ ಹೋಗಿದ್ದು, ಒಂದೊಂದೇ ಬಾಗಿಲು, ಕೊನೇ ರೂಮು. ಸಮಾಧಾನ ಆಗುತ್ತೆ ಅಂದುಕೊಂಡಿದ್ಲು ಪಾಪ.

 ಆಕೆಯ ಕೈಲಿದ್ದ ಸೂಜಿ ಹಾಗೇ ನಿಂತಿತ್ತು.

"ನಾನೂ ನಂಬಿಬಿಟ್ಟಿದ್ದೆ ಕಣಮ್ಮ" ಅಂದ್ರು. "ಎಲ್ಲರೂ ಕಳ್ಳ ಅಂದ್ರು. ಇರಬಹುದೇನೋ, ನನಗೇ ಗೊತ್ತಾಗಲಿಲ್ಲವೇನೋ ಅಂದ್ಕೊಂಡೆ. ಎಂಟು ತಿಂಗಳು... ಮಗಳ ಮುಂದೆ ಅವರ ಹೆಸರೆತ್ತಲಿಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ ನಾನು ಅವರಿಗೆ."

ಆಗ ಅತ್ತರು. ಸದ್ದು ಮಾಡದೆ, ಅಂಗಿ ಮುಖಕ್ಕೆ ಒತ್ತಿಕೊಂಡು. ಪೊರಕೆ ಕಡ್ಡಿ ಮುರಿಯೋ ಹಾಗೆ ಉಸಿರು ತುಂಡು ತುಂಡಾಗ್ತಿತ್ತು ಅಂದ್ಲು ಅಕ್ಕ. ಅವಳೂ ಪಕ್ಕ ಕೂತು ಅತ್ತಳು. ನನಗೆ ಹೇಳುವಾಗಲೂ ಅತ್ತಳು.

ಆಮೇಲೆ ಆ ಹೆಂಗಸು ಮುಖ ಒರೆಸಿಕೊಂಡು, "ಅವರು ನಡೆದಿದ್ದು ಕಾಗದದಲ್ಲಿ ಇದೆಯಾ?" ಅಂದ್ರು. ಅಕ್ಕ ಆ ನೂರಾ ಮೂವತ್ತೇಳನೇದನ್ನ ಅಚ್ಚು ಹಾಕಿಸಿ ಚೀಲದಲ್ಲಿಟ್ಟಿದ್ಲು. ತೆಗೆದುಕೊಟ್ಟಳು. ಬರೀ ಅಂಕಿಗಳು. ಮೂವತ್ತೆರಡನೇ ಸಾಲಿನ ಮೇಲೆ ಆಕೆಯ ಬೆರಳು ನಿಂತಿತು.

"ಇದೇನು, ಅರವತ್ತಮೂರು?"

"ವಯಸ್ಸು ಅಮ್ಮ. ವಯಸ್ಸು ನೋಡಿ ನಡಿಗೆ ವೇಗ ಇಡ್ತೀವಿ." ಅಕ್ಕನೂ ಬಗ್ಗಿ ನೋಡಿದ್ಲು. "ತಪ್ಪಾಗಿದೆ. ಹಾಸ್ಟೆಲ್‌ನವರು ಕೊಟ್ಟ ಪಟ್ಟೀಲಿ ಐವತ್ತೇಳು ಅಂತಿತ್ತು. ನಾನೂ ಅದನ್ನೇ ತುಂಬಿದ್ದು."

ಆಕೆ ಬಾಗಿಲ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿದ್ರು. "ಅರವತ್ತಾದವರನ್ನ ಇಟ್ಕೊಳ್ಳಲ್ಲ ಅಂದಿದ್ರು. ಆರು ವರ್ಷ ಕಮ್ಮಿ ಹೇಳಿ ಸೇರ್ಕೊಂಡಿದ್ರು. ಮಗಳಿಗೂ ಗೊತ್ತಿಲ್ಲ ಅದು."

ಆ ಹಾಳೆಯ ಇನ್ನೊಂದು ಪ್ರತಿ ಈಗಲೂ ಅಕ್ಕನ ಹತ್ರ ಇದೆ. ನಾನೇ ಕೈಯಲ್ಲಿ ಹಿಡಿದು ನೋಡಿದೀನಿ, ಬೇಕಿದ್ರೆ ಆಣೆ ಇಡ್ತೀನಿ. ಅರವತ್ತಮೂರು ಅಂತಲೇ ಇದೆ.