ಆಲದ ಬುಡದ ಟ್ರೇಲರ್

ಲೈಟ್ ಹೋದ್ರ ಹೋಗಲಿ, ಬಾಗಿಲ ಮುಂದ ಮಾಡಿ ಬರ್ರಿ. ಇದು ಯಾರೋ ಕಟ್ಟಿ ಹೇಳಿದ್ದಲ್ಲ... ನಮ್ಮ ಕಾಕಾನ ಮಗ ಶಿವಪ್ರಕಾಶಗ ಆದದ್ದು.

ಹವಳಗಾದ ಹೊರಗ ಅವನ ಪಂಕ್ಚರ್ ಅಂಗಡಿ ಇತ್ತು. ಆವತ್ತು ಹೊತ್ತಾಗಿ ಅಂಗಡಿ ಮುಚ್ಚಿ ಊರಿಗಿ ನಡಕೊಂತ ಹೊಂಟಿದ್ದ. ನಮ್ಮೂರು ಭೀಮಾ ಹೊಳಿ ದಂಡಿಗಿ. ಊರ ಹೊರಗ ಆಲದ ಮರ. ಅದರ ಬುಡಕ್ಕ ಒಂದು ದೋಣಿ, ಎರಡು ಗಾಲಿ ಟ್ರೇಲರ್ ಮ್ಯಾಲೆ. ಹೊಳಿ ಏರಿದಾಗ ಬೇಕಂತ ಊರವರೆಲ್ಲ ಕೂಡಿ ತಂದದ್ದು.

ಆ ಗಾಲಿ ನೋಡಕೋತಿದ್ದಾತ ಜಮೀರಣ್ಣ. ಬ್ಯಾಸಗ್ಯಾಗ ಅಚ್ಚಿನ ಕೆಳಗ ಕಲ್ಲ ಕೊಟ್ಟು ಗಾಲಿ ನೆಲ ಬಿಡಿಸಿ ಇಡಾಂವ, ನಿಂತಲ್ಲೇ ನಿಂತು ಟೈರ್ ಸೀಳಬಾರದಂತ. ಕೈಲೆ ಗಾಲಿ ತಿರುವಿ, ಕಿವಿ ಹಚ್ಚಿ ಬೇರಿಂಗ್ ಸಪ್ಪಳ ಕೇಳಾಂವ. ಕರಕರ ಅಂದ್ರ ಬಿಚ್ಚಿ ತೊಳದು ಹೊಸ ಗ್ರೀಸ್ ತುಂಬಾಂವ. ಒಂದಿನ ಎದಿ ನೋವಂತ ಕುಂತಾಂವ ಏಳಲಿಲ್ಲ. ಆಮ್ಯಾಲೆ ಆ ಟ್ರೇಲರ್ ಯಾರೂ ಮುಟ್ಟಿರಲಿಲ್ಲ.

ಶಿವಪ್ರಕಾಶ ಮರ ದಾಟಾಕತ್ತಾನ... ಸಪ್ಪಳ ಬಂತು.

ಕರ್ರ್... ಕರ್ರ್... ಟಕ್.

ಗಾಲಿ ಕಳವು ಮಾಡಾಕತ್ತಾರಂತ ಮೊಬೈಲ್ ಬೆಳಕ ಬಿಟ್ಟ. ಟೈರ್ ಮಣ್ಣಾಗ ಹುಗದಿತ್ತು. ಹುಗದಿದ್ದ ಗಾಲಿ... ತಿರುಗಾಕತ್ತಿತ್ತು. ಮಣ್ಣು ಅಳ್ಳಾಡವಲ್ದು. ಬಾಜೂಕ ಒಬ್ಬಾಂವ ಕುಂತಾನ, ಬೆನ್ನು ಇತ್ಲಾಗ.

"ಯಾರು?"

"ಸಣ್ಣಗ ಮಾತಾಡ್ಲೇ ಪ್ರಕಾಶಾ. ಕೇಳಾಕತ್ತೇನಿ."

"ಜಮೀರಣ್ಣಾ..."

"ನೀರು ಕುಡದದ ಈ ಬೇರಿಂಗ್."

"ನಾಳೆ... ನಾಳೆ ನಾ ಹೊಸಾದು ಹಾಕ್ತೇನಿ."

"ಹಾಕು." ಗಾಲಿಗಿ ಮತ್ತ ಕಿವಿ ಹಚ್ಚಿದ. "ಆಗೂದಿಲ್ಲ."

ಮನಿಗಿ ಬರೂದ್ರಾಗ ಮೈ ಕೆಂಡ ಆಗಿತ್ತು. ಹೆಂಡ್ತಿ ಶಿವಕಾಂತಾ ಎಲ್ಲಾ ಕೇಳಿ ಹೇಳಿದಳು, "ದೆವ್ವ ಅದೋ ಇಲ್ಲೋ, ಗಾಲಿ ದುರಸ್ತಿ ಮಾಡಿಸ್ರಿ. ನೀರು ಬಂದ್ರ ಊರಿಗಿ ಅದೊಂದೇ ದೋಣಿ."

ಜೇವರ್ಗಿಗಿ ಹೋಗಿ ಟೈರ್, ಬೇರಿಂಗ್, ಸೀಲ್ ಎಲ್ಲಾ ಹೊಸಾವು ತಂದ. ತಾನ ಗ್ರೀಸ್ ತುಂಬಿದ. ತಿರುವಿದ್ರ ಸಪ್ಪಳ ಇಲ್ಲ. ಅವತ್ತು ನಕ್ಕಿದ್ದ ನೋಡ್ರಿ... ಅದ ಕಡೀದು.

ಅದೇ ಮಳಿಗಾಲದಾಗ ಹೊಳಿ ಏರಿತು. ಶಿವಕಾಂತಾ ಎಮ್ಮಿ ಬಿಚ್ಚಾಕ ಹೊಲಕ್ಕ ಹೋಗಿದ್ದಳು. ಹೊಳಿ ನೀರು ಹಳ್ಳಕ್ಕ ನುಗ್ಗಿ ಸುತ್ತಲೂ ನಿಂತುಬಿಡ್ತು. ಎಮ್ಮಿ ಶೆಡ್ಡಿನ ತಗಡಿನ ಪತ್ರಾಸ ಮ್ಯಾಲೆ ಹತ್ತಿ ಫೋನ್ ಮಾಡಿದಳು.

"ನೀರು ಕಾಲಿಗಿ ಹತ್ತಾಕತ್ತದ... ಲಗೂ ಬರ್ರಿ."

ಟ್ರ್ಯಾಕ್ಟರಿಗಿ ಟ್ರೇಲರ್ ಕಟ್ಟಿದ್ರು. ಅರ್ಧ ದಾರ್ಯಾಗ... ಕಿರ್ರ್ರ್... ಧಡಲ್! ಎಡಗಡಿ ಗಾಲಿ ತಿರುಗದಂಗ ಹಿಡಕೊಂಡುಬಿಡ್ತು. ಹೊಸಾ ಟೈರ್ ನೆಲಕ್ಕ ತಿಕ್ಕಿ ತಿಕ್ಕಿ ಒಡೀತು. ಶಿವಪ್ರಕಾಶ ಹಬ್ ಬಿಚ್ಚಿದ. ತಾನ ಕೈಲೆ ತುಂಬಿದ ಗ್ರೀಸ್ ಮಜ್ಜಗಿ ಹಂಗ ಬೆಳ್ಳಗ, ನೀರ್ನೀರ. ಬೇರಿಂಗಿಗಿ ಜಂಗ ಹಿಡದಿತ್ತು, ವರ್ಷಗಟ್ಟಲೆ ಹೊಳ್ಯಾಗ ಬಿದ್ದಂಗ.

ಮಂದಿ ದೋಣಿ ಹೆಗಲ ಮ್ಯಾಲೆ ಹೊತ್ರು. ಎರಿ ಮಣ್ಣು ಮೊಳಕಾಲತನಕ ಎಳೀತದ... ಹೋಗಿ ಮುಟ್ಟಿದಾಗ ಶೆಡ್ಡೇ ಇಲ್ಲ. ಬರೇ ನೀರು. ಶಿವಪ್ರಕಾಶ ದಂಡಿಗಿ ನಿಂತು ಫೋನ್ ಹಚ್ಚತಾನ, ಹಚ್ಚತಾನ...

ಈಗ ಅಂಗಡಿ ಮುಚ್ಯಾನ. ಉಣ್ಣಂದ್ರ ಉಣ್ತಾನ, ಇಲ್ಲಂದ್ರ ಇಲ್ಲ. "ಅವ ಹೇಳಿದ್ದ, ಆಗೂದಿಲ್ಲಂತ," ಅಷ್ಟ ಅಂತಾನ.

ನೀರು ಇಳದ ಮ್ಯಾಲೆ ಶಿವಕಾಂತಾ ಜಾಲಿ ಕಂಟ್ಯಾಗ ಸಿಕ್ಕಳು. ಮೈ ತೊಳಿಯಾಕ ನಾನೂ ಬಾಜೂ ಮನಿ ಪಂಚಶೀಲಾನೂ ಕುಂತಿದ್ದಿವಿ. ಸೀರಿ ತುಂಬಾ ಕೆಸರು, ಬಾಯಾಗ ಉಸುಕು. ತಲಿ ಮಾತ್ರ... ಬಾಚಿತ್ತು. ಬೈತಲಿ ನೆಟ್ಟಗ, ಈಗಷ್ಟ ಯಾರೋ ಬಿಗಿಯಾಗಿ ಹೆಣದಂಗ ಜಡಿ. ಕೊಬ್ಬರಿ ಎಣ್ಣಿ ಈ ನನ್ನ ಕೈಗಿ ಹತ್ತಿತು. ಬೇಕಂದ್ರ ನಾಳೆ ಪಂಚಶೀಲಾಗ ಕೇಳ್ರಿ.