ಮಠದ ಶಾಲು, ಕೂಸಿನ ಕೆನ್ನೆ

ಊರೊಂದಿತ್ತು ಅನ್ನಿ, ಅಲ್ಲೊಬ್ಬ ಸಾಹುಕಾರ ಗುತ್ತಿಗೆದಾರನಿದ್ದ. ಮುಚ್ಚಿಹೋದ ಅಣು ಕಾರ್ಖಾನೆಯೊಂದರ ಹಳೇ ಶೆಡ್ಡುಗಳನ್ನು ಕೆಡವುವ ಕೆಲಸ ಅವನದು. ಕೈಬಿಚ್ಚಿ ದಾನ ಮಾಡುತ್ತಿದ್ದ. ಮಠಕ್ಕೆ ಕರೆಸಿ ಶಾಲು ಹೊದಿಸಿದ್ದರು. ಹೊದಿಸಿದವರು ಯಾರು? ನಮ್ಮಂಥ ಸ್ವಾಮಿಗಳೇ! ಅಂದಿನಿಂದ ಹಗಲೆಲ್ಲ ಆ ಶಾಲು ಅವನ ದಪ್ಪ ಕೋಟಿನ ಹೆಗಲು ಬಿಟ್ಟು ಇಳಿಯಲಿಲ್ಲ. ಕೆಲಸದ ಜಾಗಕ್ಕೂ ಅದೇ.

ನೋಡಿ, ಅಲ್ಲೊಂದು ಕಟ್ಟಳೆಯಿತ್ತು. ಒಳಗೆ ಹೋದವರೆಲ್ಲ ಹೊರಬರುವಾಗ ಯಂತ್ರದಿಂದ ಮೈ ತಪಾಸಣೆ ಮಾಡಿಸಿಕೊಳ್ಳಬೇಕು. ಕೆಡವುವಾಗ ಏಳುವ ಧೂಳಿನಲ್ಲಿ ವಿಕಿರಣದ ಕಣಗಳಿರುತ್ತವೆ. ಕಣ್ಣಿಗೆ ಕಾಣವು, ವಾಸನೆಯಿಲ್ಲ, ಆದರೆ ಚರ್ಮಕ್ಕೆ ಅಂಟಿ ಕೂತರೆ ಸುಟ್ಟುಬಿಡುತ್ತವೆ. ಒಂದು ಸಂಜೆ ಸಾಹುಕಾರನ ಹೆಗಲ ಹತ್ತಿರ ಯಂತ್ರ ಕಿರುಚಿತು.

“ಸಾವ್ಕಾರ್ರ, ಶಾಲು ಇಲ್ಲೇ ಬಿಡ್ರಿ. ಮನಿಗೆ ಒಯ್ಯಬ್ಯಾಡ್ರಿ,” ಎಂದಳು ತಪಾಸಣೆಯ ಇಂಜಿನಿಯರು.

“ಏನಂದಿ? ಮಠದಾಗ ಹೊದಿಸಿದ ಶಾಲು ಇದು! ಇದಕ್ಕ ಎಲ್ಲಿ ಹೊಲಸು ಹತ್ತತೈತಿ?”

“ಹೊಲಸಲ್ರಿ, ಅದು…”

“ಬಾಯಿ ಮುಚ್ಚು! ನಿನ್ನ ಮಷೀನಿಗೆ ಹುಚ್ಚು ಹಿಡದೈತಿ.”

ಕೂಲಿಯವರೆಲ್ಲ ನೋಡುತ್ತಿದ್ದರು. ಅವರೆದುರು ಶಾಲು ಬಿಚ್ಚಿಕೊಡುವುದೇ? ಮರ್ಯಾದೆ ಹೋದಂತಾಯಿತು ಅವನಿಗೆ. ಅವಳನ್ನು ಪಕ್ಕಕ್ಕೆ ತಳ್ಳಿ ಕಾರು ಹತ್ತಿದ.

ಮನೆ ಬಾಗಿಲಲ್ಲಿ ಕೈಕಾಲು ತೊಳೆದುಕೊಂಡ. ಆಚಾರವಂತ ನೋಡಿ! ಮೊಮ್ಮಗಳು ಓಡಿಬಂದಳು. ಅಜ್ಜನ ಶಾಲನ್ನು ಮಡಚಿ ಕೆನ್ನೆಯಡಿ ಇಟ್ಟುಕೊಳ್ಳದಿದ್ದರೆ ಆ ಕೂಸಿಗೆ ನಿದ್ದೆಯಿಲ್ಲ. ಅಂದೂ ಹಾಗೇ ಮಲಗಿತು, ಮರುದಿನವೂ ಹಾಗೇ ಮಲಗಿತು. ಒಗೆಯಬಹುದಿತ್ತಲ್ಲ ಅಂತೀರಾ? ಮಠದ ಶಾಲಿಗೆ ಯಾರಾದರೂ ಸೋಪು ಹಚ್ಚುತ್ತಾರೆಯೇ?

ಕೆಲವು ದಿನ ಕಳೆದ ಮೇಲೆ ಕೆನ್ನೆ ಕೆಂಪಾಯಿತು. ಸರ್ಪಸುತ್ತು ಅಂದರು, ಕೆಮ್ಮಣ್ಣು ಹಚ್ಚಿದರು. ಕೆಂಪು ಗುಳ್ಳೆಯಾಯಿತು, ಗುಳ್ಳೆ ಒಡೆದು ಹುಣ್ಣಾಯಿತು, ಹುಣ್ಣು ಒಳಗೊಳಗೇ ಇಳಿಯಿತು. “ಅಜ್ಜಾ, ಉರೀತೈತಿ,” ಎಂದು ಕೂಸು ಅತ್ತಾಗ ಅವನು ಏನು ಮಾಡಿದ ಗೊತ್ತೇ? ಸಮಾಧಾನವಾಗಲಿ ಎಂದು ಅದೇ ಶಾಲು ಹೊದಿಸಿದ. ಅಯ್ಯೋ ಶಿವನೇ!

ಕೊನೆಗೆ ದೊಡ್ಡಾಸ್ಪತ್ರೆಗೆ ಒಯ್ದರು. ಡಾಕ್ಟರು ಅವನ ಕೆಲಸ ಯಾವುದೆಂದು ಕೇಳಿದರು, ಅಂಥದೇ ಯಂತ್ರ ತರಿಸಿದರು. ಶಾಲಿನ ಹತ್ತಿರ ಅದು ಕಿರುಚಿತು. ಹುಣ್ಣು ಕೊರೆದು ತೆಗೆದು ಕೆನ್ನೆಗೆ ಬೇರೆ ಚರ್ಮ ಕೂರಿಸಬೇಕು ಎಂದರು ಡಾಕ್ಟರು, ಸಾಹುಕಾರ ಕೈಮುಗಿದ.

“ನನ್ನ ತೊಗಲು ತಗೀರಿ ಸಾಹೇಬ್ರ. ಎಷ್ಟ ಬೇಕೋ ಅಷ್ಟ ತಗದು ನನ್ನ ಕೂಸಿಗೆ ಹಚ್ರಿ.”

“ಇನ್ನೊಬ್ಬರ ತೊಗಲು ಕೂಸಿನ ಮೈಗೆ ಕೂಡಿ ನಿಲ್ಲಂಗಿಲ್ರಿ. ಕೂಸಿನ ತೊಡೀದ ತೊಗಲೇ ತಗೀಬೇಕು.”

ಕೇಳಿದಿರಾ? ಕೋಟಿ ಇದ್ದವನು, ಸ್ವಂತ ಚರ್ಮವನ್ನೂ ಕೊಡಲಾರದೆ ಹೋದ. ಕೂಸು ಬದುಕಿತು. ಆದರೆ ಅಜ್ಜ ಮುದ್ದಿಡುತ್ತಿದ್ದ ಆ ಕೆನ್ನೆ ಹೋಯಿತು.

ತಾಯಂದಿರೇ, ಅಣ್ಣಂದಿರೇ, ಅಯ್ಯೋ ಪಾಪ ಅಂದು ಎದ್ದು ಹೋಗಬೇಡಿ. ನಿಮ್ಮೂರಲ್ಲಿ ಅಣು ಕಾರ್ಖಾನೆ ಇಲ್ಲ, ಸರಿ. ಬೆಳೆಗೆ ಔಷಧ ಹೊಡೆದ ಅಂಗಿಯಲ್ಲೇ ಮಗುವನ್ನು ಎತ್ತಿಕೊಳ್ಳುವವರು ಯಾರು? ಹಳೇ ಬ್ಯಾಟರಿ ಬಿಚ್ಚಿ ಸೀಸದ ಪುಡಿ ಮೆತ್ತಿದ ಕೈಯಲ್ಲೇ ತುತ್ತು ತಿನ್ನಿಸುವವರು ಯಾರು? ಸೊಸೆ “ಮಾವಾ, ಅಂಗಿ ಹೊರಗ ಬಿಚ್ಚಿ ಬರ್ರಿ” ಅಂದರೆ ಕಣ್ಣು ಕೆಂಪಾಗುತ್ತದಲ್ಲ, ಯಾರ ಕಣ್ಣು? ಇವತ್ತು ಸಂಜೆ ಅವಳು ಹಾಗಂದರೆ ಅಂಗಳದಲ್ಲೇ ನಿಲ್ಲಿ. ಅಂಗಿ ಬಿಚ್ಚಿ, ಮೈ ತೊಳೆಯಿರಿ, ಆಮೇಲೆ ಮಗುವನ್ನು ಮುಟ್ಟಿ. ನಾಲ್ಕು ಜನ ನಕ್ಕರೆ ನಗಲಿ ಬಿಡಿ. ನಕ್ಕವರ ಬಾಯಿ ನಾಳೆ ಮುಚ್ಚುತ್ತದೆ, ಮಗುವಿನ ಮೈಮೇಲಿನ ಕಲೆ ಮಾತ್ರ ಸಾಯುವತನಕ ಹೋಗುವುದಿಲ್ಲ.